ಚುಕ್ಕಾಣಿಗನ ಬಣ್ಣ

ನಮ್ಮ ನಾಟಕ ತಂಡಕ್ಕೆ ಬಣ್ಣ ಹಚ್ಚುತ್ತಿದ್ದವರನ್ನು ನಾವೆಲ್ಲ ಪಾರ್ಲರಮ್ಮ ಎಂದೇ ಕರೆಯುತ್ತಿದ್ದೆವು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕುರ್ಚಿಯ ಬ್ಯೂಟಿ ಪಾರ್ಲರ್ ಅವರದು. ಮೆಟ್ಟಿಲು ಹತ್ತುವಾಗಲೇ ಬ್ಲೀಚಿನ ಘಾಟು ಮೂಗಿಗೆ ಬಡಿಯುತ್ತಿತ್ತು. ಹುಬ್ಬು ಸರಿಮಾಡಿಸಿಕೊಳ್ಳಲು ನಾನು ಹದಿನಾಲ್ಕು ವರ್ಷದಿಂದ ಅಲ್ಲಿಗೇ ಹೋಗುತ್ತಿದ್ದೇನೆ. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದುಕೊಂಡೇ ಸರಾಗವಾಗಿ ಮಾತಾಡಬಲ್ಲ ಹೆಂಗಸು. "ಎಲ್ಲರೂ ಹಲ್ಲು ಕಚ್ಚಿ ಸಂಸಾರ ಮಾಡಿದ್ರೆ ನಾನು ದಾರ ಕಚ್ಚಿ ಮಾಡ್ದೆ" ಎಂದು ನಗುತ್ತಿದ್ದರು. ಅವರು ಮಾತಾಡುತ್ತಿದ್ದಷ್ಟು ಹೊತ್ತು ನನಗೆ ಚಿಂತೆಯಿರಲಿಲ್ಲ. ಸುಮ್ಮನಾದರೆ ಗಾಬರಿಯಾಗುತ್ತಿತ್ತು. ಅವರು ಸುಮ್ಮನಾಗುತ್ತಿದ್ದುದು ಹೆದರಿದಾಗ ಮಾತ್ರ.

ಅವರ ಗಂಡನಿಗೆ ಕರೆಂಟಣ್ಣ ಎಂದು ಹೆಸರು. ಹಗಲೆಲ್ಲ ಮನೆಗಳಿಗೆ ವೈರಿಂಗ್ ಮಾಡುವ ಕೆಲಸ, ಸಂಜೆ ನಮ್ಮ ತಂಡಕ್ಕೆ ಬೆಳಕು. ಸಭಾಂಗಣದ ಹಿಂಬದಿಯಲ್ಲಿ ಏಣಿ ಹತ್ತಿ ಹೋಗಬೇಕಾದ ಗೂಡಿನಂಥ ಕೋಣೆಯೊಂದಿದೆ. ಅಲ್ಲಿ ಬೆಳಕು ಏರಿಳಿಸುವ ಡಿಮ್ಮರ್ ಪೆಟ್ಟಿಗೆಯ ಮುಂದೆ ಕೂತರೆಂದರೆ ನಾಟಕ ಮುಗಿಯುವವರೆಗೆ ಇಳಿಯುತ್ತಿರಲಿಲ್ಲ. ಕಪ್ಪು ಮನುಷ್ಯ. ಎಣ್ಣೆಗಪ್ಪು, ಗೋಧಿ ಬಣ್ಣ ಎಂದೆಲ್ಲ ಸಮಾಧಾನದ ಹೆಸರು ಹುಡುಕಲು ಬಾರದಷ್ಟು ಕಪ್ಪು. ಪಾರ್ಲರಮ್ಮ ಅಷ್ಟೇ ಬಿಳುಪು. ಒಬ್ಬಳೇ ಮಗಳು, ಆಗ ಹದಿನಾರು ವರ್ಷ. ಬಣ್ಣ ಅಪ್ಪನದು, ಬಾಯಿ ಅಮ್ಮನದು.

ಅವರಿಬ್ಬರ ಪರಿಚಯವಾದದ್ದು ಒಂದು ಸ್ವಿಚ್ಚಿನಿಂದ. ಆಗ ಪಾರ್ಲರಮ್ಮ ಇನ್ನೊಬ್ಬರ ಪಾರ್ಲರಿನಲ್ಲಿ ಕೂದಲು ಗುಡಿಸುವ ಕೆಲಸಕ್ಕಿದ್ದರು. ಕೂದಲು ಒಣಗಿಸುವ ಯಂತ್ರ ಕಿಡಿ ಹಾರಿಸಿತೆಂದು ಕರೆಂಟಣ್ಣನನ್ನು ಕರೆಸಿದರಂತೆ. "ಮೂರು ದಿನ ಅದೇ ಸ್ವಿಚ್ಚು ಕೆಟ್ಟಿತು. ನಾಲ್ಕನೇ ದಿನ ಕೆಡಲಿಲ್ಲ, ನಾನೇ ಕೆಡಿಸಿದೆ" ಎನ್ನುತ್ತಿದ್ದರು ಪಾರ್ಲರಮ್ಮ. ಮನೆಯಲ್ಲಿ ವಿಷಯ ತಿಳಿದಾಗ ತಾಯಿ, ಅಕ್ಕ ಇಬ್ಬರೂ ಹುಡುಗನಲ್ಲಿ ಕುಂದು ಹುಡುಕಿದರು. ಕುಡಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಕೆಲಸ ಬಲ್ಲವನು. ಮೈಬಣ್ಣವೊಂದನ್ನು ಬಿಟ್ಟು ಬೇರೇನೂ ಸಿಗಲಿಲ್ಲ. ಅದೊಂದೇ ಸಾಕಾಯಿತು. ಕೊನೆಗೆ ಇಬ್ಬರೂ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದರು.

ಮಗಳು ಹುಟ್ಟಿದಾಗ ತವರಿನವರು ಸಿಟ್ಟು ಬಿಟ್ಟು ಆಸ್ಪತ್ರೆಗೆ ಬಂದರು. ತಾಯಿ ಮಗುವಿನ ಮುಖವನ್ನೂ ಸರಿಯಾಗಿ ನೋಡದೆ ಮೊದಲು ಅದರ ಕಿವಿ ಮಡಚಿ ತುದಿ ನೋಡಿದರು. ಕಿವಿಯ ತುದಿ ಯಾವ ಬಣ್ಣವೋ ಮುಂದೆ ಮಗು ಅದೇ ಬಣ್ಣ ಅನ್ನುತ್ತಾರಲ್ಲ. ನೋಡಿದವರು ಅಕ್ಕನ ಕಡೆ ತಿರುಗಿದರು. ಇಬ್ಬರೂ ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಕರೆಂಟಣ್ಣ ಕಿಟಕಿಯ ಹತ್ತಿರ ನಿಂತು ಆಸ್ಪತ್ರೆಯ ಚೀಟಿಗಳನ್ನು ಮಡಚಿಡುತ್ತಿದ್ದರು. ಸದ್ಯ, ಇವರು ನೋಡಲಿಲ್ಲ ಎಂದುಕೊಂಡರಂತೆ ಪಾರ್ಲರಮ್ಮ.

ಆ 'ಸದ್ಯ' ಅವತ್ತು ಶುರುವಾದದ್ದು ನಿಲ್ಲಲೇ ಇಲ್ಲ. ತವರಿನಲ್ಲಿ ಯಾರಾದರೂ ಬಾಯಿ ತೆರೆದರೆ ಇವರ ಕಣ್ಣು ಗಂಡನ ಕಡೆ ಓಡುತ್ತಿತ್ತು. ಅವರು ಪೇಪರ್ ಓದುತ್ತಿದ್ದರೆ ಸದ್ಯ. ಬಾಗಿಲಾಚೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರೆ ಸದ್ಯ. ನಾಲ್ಕು ವರ್ಷದ ಹಿಂದೆ ಅಕ್ಕನ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತೆಂದು ಮನೆಮಂದಿಯೆಲ್ಲ ಸೇರಿ ಫೋಟೋ ತೆಗೆಸಿಕೊಂಡರು. ಅಕ್ಕ ಅಡುಗೆಮನೆಯಲ್ಲಿ ಯಾರಿಗೋ, "ಅವರು ಮಧ್ಯೆ ನಿಂತ್ರೆ ಫೋಟೋ ತೂತು ಬಿದ್ದ ಹಾಗೆ ಕಾಣುತ್ತೆ" ಎಂದು ಹೇಳಿ, ಹೊರಗೆ ಬಂದು ಕರೆಂಟಣ್ಣನಿಗೆ, "ನಿಮಗೆ ಲೈಟಿನ ವಿಷಯ ಗೊತ್ತಲ್ಲ, ಫೋಟೋದವನ ಲೈಟು ಸ್ವಲ್ಪ ಹಿಡ್ಕೊಳ್ತೀರಾ?" ಎಂದು ಕೇಳಿದರು. ಅವರು ಹಿಡಿದು ನಿಂತರು. ಪಾರ್ಲರಮ್ಮ ಮಗಳ ಹೆಗಲ ಮೇಲೆ ಕೈಯಿಟ್ಟು ಫೋಟೋದಲ್ಲಿ ನಿಂತರು. ವಾಪಸು ಬರುವಾಗ ಬಸ್ಸಿನಲ್ಲಿ ಕರೆಂಟಣ್ಣ, "ಆ ಸ್ಟ್ಯಾಂಡು ಹಳೇದು, ಯಾರಾದ್ರೂ ಹಿಡೀಲೇಬೇಕಿತ್ತು" ಎಂದರು. ಸದ್ಯ, ಇವರಿಗೆ ಗೊತ್ತಾಗಲಿಲ್ಲ ಎಂದುಕೊಂಡರು ಪಾರ್ಲರಮ್ಮ.

ಅವರ ಮಗಳಿಗೆ ಹದಿನಾರಾದ ವರ್ಷ ನಮ್ಮ ತಂಡ ಒಂದು ಹಳೆಯ ದುರಂತ ನಾಟಕವನ್ನು ಎತ್ತಿಕೊಂಡಿತು. ಕಡಲಾಚೆಯ ದೇಶದಲ್ಲಿ ನಾನೂರು ವರ್ಷದ ಹಿಂದೆ, ಹಡಗುಗಳು ಹೊಸ ಹೊಸ ತೀರ ಹುಡುಕಿ ಹೊರಟ ಕಾಲದಲ್ಲಿ ಯಾರೋ ಬರೆದದ್ದು. ಕಾಲೇಜಿನಿಂದ ನಿವೃತ್ತರಾದ ನಮ್ಮ ಮೇಷ್ಟ್ರು ಹಾಳೆ ಉದುರುತ್ತಿದ್ದ ಪುಸ್ತಕದಿಂದ ಅದನ್ನು ಕನ್ನಡಕ್ಕೆ ತಂದಿದ್ದರು. ನಾವದನ್ನು ಹಡಗಿನ ನಾಟಕ ಎನ್ನುತ್ತಿದ್ದೆವು.

ಕಥೆ ಇಷ್ಟು. ಒಂದು ಬಂದರಿನ ಬಾಯಲ್ಲಿ ನೀರಿನಡಿ ಬಂಡೆಗಳಿವೆ. ಅವುಗಳ ನಡುವೆ ಹಡಗನ್ನು ತರುವ ದಾರಿ ಬಲ್ಲವನು ಒಬ್ಬನೇ, ಬೇರೆ ತೀರದಿಂದ ಬಂದ ಒಬ್ಬ ಕಪ್ಪು ಚುಕ್ಕಾಣಿಗ. ಅವನಿಲ್ಲದೆ ಊರಿಗೆ ಅನ್ನವಿಲ್ಲ, ಹಾಗಾಗಿ ಹಗಲು ಅವನಿಗೆ ಜೈಕಾರ. ಅವನು ಊರ ಹಿರಿಯನ ಮಗಳನ್ನು ಮದುವೆಯಾಗುತ್ತಾನೆ. ಅಂದಿನಿಂದ ಜನ ಅವನ ಬೆನ್ನ ಹಿಂದೆ ಆಡುವ ಮಾತೇ ಬೇರೆ. ಊರಿಗೆ ಜ್ವರ ಬರುತ್ತದೆ, ಅವನೇ ತಂದನೆನ್ನುತ್ತಾರೆ. ಪಂಚಾಯಿತಿಯಲ್ಲಿ ಅವನ ಹೆಂಡತಿಗೆ ಒಂದೇ ಪ್ರಶ್ನೆ: ನೀನು ಇವನನ್ನು ಮನಸಾರೆ ಮದುವೆಯಾದೆಯಾ? ಹೌದೆಂದರೆ ಅವಳಿಗೂ ಗಡೀಪಾರು. ಅವಳು ಪ್ರೀತಿಸಿದ್ದು ನಿಜ, ಆದರೆ ಹೆದರಿಕೆಯಿಂದ ಮಾತು ಹೊರಡುವುದಿಲ್ಲ. ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾಳೆ. ಆ ಮೌನ ನೋಡಿದ ಚುಕ್ಕಾಣಿಗ, "ಬಲವಂತ ಮಾಡಿದ್ದು ನಾನು" ಎಂದು ಸುಳ್ಳು ಒಪ್ಪಿಕೊಳ್ಳುತ್ತಾನೆ. ಅವನನ್ನು ಕಡಲಿಗೆ ತಳ್ಳುತ್ತಾರೆ. ಮಾರನೆಯ ದಿನ ಧಾನ್ಯದ ಹಡಗು ಬಂದು, ದಾರಿ ತೋರುವವರಿಲ್ಲದೆ ಬಂಡೆಗೆ ಬಡಿದು ಮುಳುಗುತ್ತದೆ.

ಚುಕ್ಕಾಣಿಗನ ಪಾತ್ರಕ್ಕೆ ಬ್ಯಾಂಕಿನ ಗುಮಾಸ್ತರೊಬ್ಬರು. ನಾವು ಅವರನ್ನು ಬ್ಯಾಂಕಣ್ಣ ಎನ್ನುತ್ತಿದ್ದೆವು. ಒಳ್ಳೆಯ ಕಂಠ, ಆದರೆ ಮೈ ಸಿಪ್ಪೆ ತೆಗೆದ ಆಲೂಗಡ್ಡೆಯ ಹಾಗೆ. ನಾನು ಶಾಲೆಯ ಗ್ರಂಥಾಲಯ ನೋಡಿಕೊಳ್ಳುವವಳು. ನನಗೆ ಚುಕ್ಕಾಣಿಗನ ನೆರೆಮನೆಯ ಮುದುಕಿಯ ಪಾತ್ರ. ಇಡೀ ನಾಟಕದಲ್ಲಿ ಜೋರಾಗಿ ನಗು ಬರಿಸುವ ಮಾತು ನನ್ನದೇ. ಹೊಸದಾಗಿ ಮದುವೆಯಾದ ಹೆಣ್ಣಿಗೆ ನಾನು ಹೇಳಬೇಕು: "ದೀಪ ಆರಿದ ಮೇಲೆ ಗಂಡನ್ನ ಹೇಗಮ್ಮಾ ಹುಡುಕ್ತೀಯ? ಅವನು ನಕ್ಕರೆ ಮಾತ್ರ ಸಿಕ್ತಾನೇನೋ!" ಆ ಮಾತಿಗೆ ಸರಿಯಾಗಿ ರಂಗದ ಬೆಳಕು ಸರ್ರನೆ ಇಳಿಯಬೇಕು, ಬ್ಯಾಂಕಣ್ಣ ಹಲ್ಲು ಕಿರಿಯಬೇಕು ಎಂದು ಮೇಷ್ಟ್ರ ಸೂಚನೆ.

ಬೆಳಕು ಇಳಿಸುವವರು ಕರೆಂಟಣ್ಣ.

ಮೊದಲ ತಾಲೀಮಿನಲ್ಲಿ ನಾನು ಆ ಮಾತು ಹೇಳಿದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪಾರ್ಲರಮ್ಮ ಪಕ್ಕದಲ್ಲಿ ಬಣ್ಣದ ಪೆಟ್ಟಿಗೆ ಜೋಡಿಸುತ್ತಿದ್ದವರು ಮಾತು ನಿಲ್ಲಿಸಿದರು. ತಲೆಯೆತ್ತಿ ಹಿಂದಿನ ಗೂಡಿನ ಕಡೆ ನೋಡಿದರು. ಅಲ್ಲಿ ಕತ್ತಲೆ, ಡಿಮ್ಮರ್ ಪೆಟ್ಟಿಗೆಯ ಸಣ್ಣ ಕೆಂಪು ದೀಪ ಮಾತ್ರ. ಅವತ್ತಿಡೀ ಅವರು ಮತ್ತೆ ಬಾಯಿ ಬಿಡಲಿಲ್ಲ.

ಬಣ್ಣ ಕೂಡಿಸುವುದು ದೊಡ್ಡ ತಲೆನೋವಾಯಿತು. ಹಗಲ ಬೆಳಕಿನಲ್ಲಿ ಸರಿ ಕಂಡ ಕಂದು, ನೀಲಿ ಹಾಳೆ ಕಟ್ಟಿದ ದೀಪದಡಿ ಬೂದಿಯಾಗುತ್ತಿತ್ತು. ಹಳದಿ ದೀಪದಡಿ ಇಟ್ಟಿಗೆಯಾಗುತ್ತಿತ್ತು. ಪಾರ್ಲರಮ್ಮನಿಗೆ ಜೀವಮಾನವಿಡೀ ಜನರನ್ನು ಬಿಳಿ ಮಾಡಿ ಗೊತ್ತೇ ಹೊರತು ಕಪ್ಪು ಮಾಡಿ ಗೊತ್ತಿಲ್ಲ. ನಾಲ್ಕು ಸಂಜೆ ಬ್ಯಾಂಕಣ್ಣನ ಮುಖ ಉಜ್ಜಿ ಉಜ್ಜಿ ಕೆಂಪಾಯಿತು. ಐದನೇ ಸಂಜೆ ಕರೆಂಟಣ್ಣ ಏಣಿ ಇಳಿದು ಬಂದರು. ಸ್ಟೂಲು ಎಳೆದುಕೊಂಡು ದೀಪದಡಿ ಕೂತು, ಅಂಗಿಯ ತೋಳು ಮಡಚಿ ಕೈ ಚಾಚಿದರು.

"ಗಾಳೀಲಿ ಯಾಕೆ ಹುಡುಕ್ತೀಯ? ಇಲ್ಲಿ ನೋಡ್ಕೊಂಡು ಕಲಸು. ಹಳದಿ ಕಮ್ಮಿ ಮಾಡು, ಕೆಂಪು ಹಾಕು."

ಪಾರ್ಲರಮ್ಮ ಗಂಡನ ಮೊಣಕೈ ಪಕ್ಕ ಬಣ್ಣ ಹಚ್ಚಿ, ಒರೆಸಿ, ಮತ್ತೆ ಹಚ್ಚಿದರು. ಅರ್ಧ ಗಂಟೆಯಲ್ಲಿ ಎಲ್ಲಿ ಚರ್ಮ ಮುಗಿಯಿತು, ಎಲ್ಲಿ ಬಣ್ಣ ಶುರುವಾಯಿತು ಗೊತ್ತಾಗದ ಹಾಗೆ ಕೂಡಿಬಂತು. ಬ್ಯಾಂಕಣ್ಣ, "ಅಬ್ಬಾ, ತದ್ರೂಪ!" ಎಂದು ಚಪ್ಪಾಳೆ ತಟ್ಟಿದರು. ಕರೆಂಟಣ್ಣ ಕೈ ಒರೆಸಿಕೊಂಡು ಏಣಿ ಹತ್ತಿದರು. ಆಮೇಲೆ ಅದೇ ಬಣ್ಣದ ಮುಖಕ್ಕೆ ನಾವೆಲ್ಲ ಸೇರಿ ತಾಲೀಮಿನಲ್ಲಿ ದಿನಾ ಎರಡೂವರೆ ಗಂಟೆ ಉಗಿದೆವು.

ಒಂದು ದಿನ ಪಾರ್ಲರಮ್ಮ ಧೈರ್ಯ ಮಾಡಿ ಮೇಷ್ಟ್ರನ್ನು ಕೇಳಿದರು. "ಮೇಷ್ಟ್ರೇ, ಇದನ್ನ ಬರೆದವರಿಗೆ ಆ ಚುಕ್ಕಾಣಿಗನ ಮೇಲೆ ಪ್ರೀತಿಯೋ, ತಿರಸ್ಕಾರವೋ?"

ಮೇಷ್ಟ್ರಿಗೆ ಇಂಥ ಪ್ರಶ್ನೆ ಅಂದರೆ ಪಂಚಪ್ರಾಣ. ಕನ್ನಡಕ ತೆಗೆದು ಒರೆಸಿದರು. "ಅಲ್ಲೇ ಇರೋದಮ್ಮ ಚಮತ್ಕಾರ. ಆ ಕಾಲದ ಜನ ಏನು ಆಡ್ಕೊಳ್ತಿದ್ರೋ ಅದನ್ನೆಲ್ಲ ತಮಾಷೆಯ ಮಾತಾಗಿ ಇಟ್ಟಿದ್ದಾನೆ. ಜನ ನಗಬೇಕು. ನಕ್ಕು ನಕ್ಕು ಕೊನೆಗೆ ಹಡಗು ಮುಳುಗಿದಾಗ, ಅಯ್ಯೋ ನಾನೂ ನಕ್ಕೆನಲ್ಲಾ ಅಂತ ಸಿಕ್ಕಿಬೀಳಬೇಕು."

"ನಕ್ಕೋರೆಲ್ಲಾ ಸಿಕ್ಕಿಬೀಳ್ತಾರಾ?"

"ಬೀಳಬೇಕು" ಎಂದರು ಮೇಷ್ಟ್ರು. ಪಾರ್ಲರಮ್ಮ ಸಮಾಧಾನವಾದವರಂತೆ ಕಾಣಲಿಲ್ಲ.

ಅವರ ಹೆದರಿಕೆ ದಿನದಿಂದ ದಿನಕ್ಕೆ ಹೆಚ್ಚುತ್ತಾ ಹೋಯಿತು. ಹುಬ್ಬು ಮಾಡಿಸಿಕೊಳ್ಳಲು ಹೋದ ನನ್ನ ಹತ್ತಿರ ಒಂದೊಂದೇ ಬಾಯಿಬಿಟ್ಟರು. ಕರೆಂಟಣ್ಣ ಮನೆಯಲ್ಲಿ ಎಂದಿನಂತೆ ಊಟ ಮಾಡುತ್ತಾರೆ, ಎಂದಿನಂತೆ ರೇಡಿಯೋ ಹಾಕುತ್ತಾರೆ. ಆದರೆ ಏನನ್ನಾದರೂ ನುಂಗಿಕೊಂಡಿದ್ದಾರೋ ಇಲ್ಲವೋ ತಿಳಿಯುವುದು ಹೇಗೆ? ಕೇಳೋಣವೆಂದರೆ, ಅವರ ಮನಸ್ಸಿನಲ್ಲಿ ಇಲ್ಲದ್ದನ್ನು ತಾನೇ ತುರುಕಿದ ಹಾಗೆ. ಸುಮ್ಮನಿರೋಣವೆಂದರೆ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ. "ಆ ಹೆಂಗಸು ಹತ್ತು ಎಣಿಸೋವರೆಗೆ ಸುಮ್ಮನೆ ನಿಲ್ತಾಳಲ್ಲ," ಎಂದರು ಒಮ್ಮೆ, ದಾರ ಕಚ್ಚಿಕೊಂಡೇ. "ನಾನು ಎಷ್ಟು ವರ್ಷ ಎಣಿಸಿದೀನಿ ಗೊತ್ತಾ?"

ಇದರ ಮೇಲೆ ಅಕ್ಕನ ಫೋನು. ಪೇಪರಿನಲ್ಲಿ ನಾಟಕದ ಸುದ್ದಿ ನೋಡಿದರಂತೆ. ಇಬ್ಬರು ಗೆಳತಿಯರನ್ನೂ ಕರೆದುಕೊಂಡು ಬರುತ್ತಾರಂತೆ, ಮುಂದಿನ ಸಾಲಿನಲ್ಲಿ ಸೀಟು ಬೇಕಂತೆ. ಹಾಗೇ, ತಂಗಿಯ ಮಗಳಿಗೆ ಬಿಳುಪಾಗಲು ಒಂದು ಹೊಸ ಕ್ರೀಮು ಸಿಕ್ಕಿದೆ, ತರುತ್ತಾರಂತೆ. ಈ ಕ್ರೀಮಿನ ಹೆಸರೆತ್ತಿದರೆ ಪಾರ್ಲರಮ್ಮನಿಗೆ ಸಂಕಟ. ಮಗಳಿಗೆ ಹದಿಮೂರಾದಾಗ ಅಕ್ಕನ ಮಾತು ಕಟ್ಟಿಕೊಂಡು ಅವರೇ ಅವಳ ಮುಖಕ್ಕೆ ಬ್ಲೀಚು ಹಾಕಿದ್ದರು. ಕೆನ್ನೆ ಸುಟ್ಟು ಒಂದು ವಾರ ಸಿಪ್ಪೆ ಎದ್ದಿತ್ತು. ಹುಡುಗಿ ಕನ್ನಡಿ ನೋಡಿ ಅತ್ತಿರಲಿಲ್ಲ, ಅಮ್ಮನ ಮುಖ ನೋಡಿ ಅತ್ತಿದ್ದಳು.

ಪ್ರದರ್ಶನ ಭಾನುವಾರ ಮಧ್ಯಾಹ್ನ ಮೂರಕ್ಕೆ. ಪಾರ್ಲರಮ್ಮ ಬೆಳಿಗ್ಗೆಯಿಂದ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಬ್ಯಾಂಕಣ್ಣನ ಮುಖ, ಕತ್ತು, ಕಿವಿಯ ಹಿಂಭಾಗ, ಕೈಯ ಬೆರಳ ಸಂದು, ಒಂದು ಕಡೆಯೂ ಬಿಡದೆ ಹಚ್ಚಿ ಪೌಡರ್ ಹೊಡೆದರು. ಪರದೆಯ ಸಂದಿನಿಂದ ನೋಡಿದರೆ ಮುಂದಿನ ಸಾಲಿನಲ್ಲಿ ಅಕ್ಕ ಬಂದು ಕೂತಾಗಿತ್ತು.

ನನ್ನ ಮಾತು ಬಂತು. ಹೇಳಿದೆ. ಮೇಲಿನಿಂದ ಬೆಳಕು ಸರ್ರನೆ ಇಳಿಯಿತು, ಹೇಳಿದ ಹೊತ್ತಿಗೆ ಹೇಳಿದಷ್ಟೇ. ಬ್ಯಾಂಕಣ್ಣನ ಹಲ್ಲು ಮಾತ್ರ ಮಿನುಗಿತು. ಸಭಾಂಗಣ ಗೊಳ್ಳೆಂದಿತು. ಆ ನಗುವಿನಲ್ಲಿ ಒಂದು ನಗು ಎಲ್ಲರಿಗಿಂತ ಮೇಲೆ ಹೋಗಿ, ಎಲ್ಲರೂ ನಿಲ್ಲಿಸಿದ ಮೇಲೂ ಮುಂದುವರಿಯಿತು. ಅದು ಯಾರದೆಂದು ನನಗೆ ಗೊತ್ತಿರಲಿಲ್ಲ. ರಂಗದ ಪಕ್ಕದಲ್ಲಿ ನಿಂತಿದ್ದ ಪಾರ್ಲರಮ್ಮನ ಮುಖ ನೋಡಿ ಅಕ್ಕನದೆಂದು ಗೊತ್ತಾಯಿತು.

ದ್ವಿತೀಯಾರ್ಧ ಚೆನ್ನಾಗಿಯೇ ಹೋಯಿತು. ಹೆಂಡತಿಯ ಪಾತ್ರದ ಹುಡುಗಿ ಹತ್ತು ಎಣಿಸುವಾಗ ಸಭೆಯಲ್ಲಿ ಸೂಜಿ ಬಿದ್ದರೂ ಕೇಳುವಂತಿತ್ತು. ಹಡಗು ಮುಳುಗಿದಾಗ ಮೂಗು ಸೀಟುವ ಸದ್ದು ಬಂತು. ಮೇಷ್ಟ್ರು ಗೆದ್ದೆನೆಂಬಂತೆ ನಮ್ಮ ಕಡೆ ಹೆಬ್ಬೆರಳು ಎತ್ತಿದರು.

ಮುಗಿದ ಮೇಲೆ ಬಣ್ಣದ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಪಾರ್ಲರಮ್ಮ ಹತ್ತಿಗೆ ಕೋಲ್ಡ್ ಕ್ರೀಮು ಹಚ್ಚಿ ಬ್ಯಾಂಕಣ್ಣನ ಮುಖ ಒರೆಸುತ್ತಿದ್ದರು. ಎಡಗಡೆ ಆಗಿತ್ತು, ಬಲಗಡೆ ಬಾಕಿ. ಮಗಳು ಬಟ್ಟೆಯ ಪೆಟ್ಟಿಗೆಯ ಮೇಲೆ ಕೂತು ಕಾಲಾಡಿಸುತ್ತಿದ್ದಳು. ಕರೆಂಟಣ್ಣ ಬಾಗಿಲ ಬಳಿ ಉದ್ದದ ವೈರನ್ನು ಮೊಣಕೈಗೆ ಸುತ್ತಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅಕ್ಕ ಗೆಳತಿಯರೊಂದಿಗೆ ಒಳಗೆ ಬಂದರು. ಕಣ್ಣು ಇನ್ನೂ ಒದ್ದೆಯಿತ್ತು. ನಿಜವಾಗಿಯೂ ಅತ್ತಿದ್ದರು ಆಕೆ.

"ಎಷ್ಟು ಚೆನ್ನಾಗಿ ಮಾಡಿದ್ರಿ ಎಲ್ಲರೂ! ಪಾಪ, ಆ ಚುಕ್ಕಾಣಿಯವನು, ನನಗಂತೂ ಕರುಳು ಕಿತ್ತು ಬಂತು" ಎಂದರು. ಆಮೇಲೆ ಬ್ಯಾಂಕಣ್ಣನ ಅರ್ಧ ಮುಖ ನೋಡಿ, ತಂಗಿಯ ಭುಜ ತಟ್ಟಿದರು. "ಆದ್ರೆ ಇಷ್ಟೊಂದು ಬಣ್ಣ ಯಾಕೆ ದಂಡ ಮಾಡಿದೆಯೇ? ನಿನ್ನ ಗಂಡನ್ನೇ ನಿಲ್ಲಿಸಿದ್ರೆ ಒಂದು ಡಬ್ಬಿ ಉಳೀತಿತ್ತು!"

ಗೆಳತಿಯರು ನಕ್ಕರು. ನಮ್ಮವರೂ ಒಂದಿಬ್ಬರು ನಕ್ಕರು. ಮುಚ್ಚಿಟ್ಟು ಏನು ಪ್ರಯೋಜನ, ನಾನೂ ನಕ್ಕೆ. ನಕ್ಕು ಆಗುವುದರೊಳಗೆ ನಾಲಿಗೆ ಕಚ್ಚಿಕೊಂಡೆ.

ಪಾರ್ಲರಮ್ಮನ ಕೈ ಬ್ಯಾಂಕಣ್ಣನ ಕೆನ್ನೆಯ ಮೇಲೆ ನಿಂತುಬಿಟ್ಟಿತು.

"ಅಕ್ಕಾ, ಸಾಕು."

"ಏನೇ? ತಮಾಷೆಗೆ ಅಂದೆ."

"ಗೊತ್ತು. ನೀನು ಎಲ್ಲಾನೂ ತಮಾಷೆಗೇ ಅಂದಿದ್ದು. ಇವಳು ಹುಟ್ಟಿದ ದಿನ ನೀನೂ ಅಮ್ಮನೂ ಕಿವಿ ಮಡಚಿ ನೋಡಿದ್ರಲ್ಲ, ಅದೂ ತಮಾಷೆ. ಅವತ್ತು ಅಡುಗೆಮನೇಲಿ, ಇವರು ನಿಂತ್ರೆ ಫೋಟೋ ತೂತು ಬಿದ್ದ ಹಾಗೆ ಕಾಣುತ್ತೆ ಅಂದೆಯಲ್ಲ, ಅದೂ ತಮಾಷೆ. ನನಗೆ ಕೇಳಿಸಿತ್ತು ಅಕ್ಕಾ. ಕೇಳಿಸಿಕೊಂಡೂ ಹೋಗಿ ಫೋಟೋಗೆ ನಿಂತೆ. ನನ್ನ ಗಂಡ ನನಗೆ ಬೆಳಕು ಹಿಡಿದ್ರು. ಇನ್ನು ಆಗಲ್ಲ. ಈ ಮನುಷ್ಯನ ಮುಂದೆ, ಈ ಮಗುವಿನ ಮುಂದೆ ಇನ್ನೊಂದು ತಮಾಷೆ ಮಾಡಬೇಡ."

ಅಕ್ಕನ ಮುಖ ಕೆಂಪಾಯಿತು. "ಒಳ್ಳೆ ಮಾತಾಡೋಣ ಅಂತ ಬಂದ್ರೆ ಹತ್ತು ಜನರ ಮುಂದೆ ಮರ್ಯಾದೆ ತೆಗೀತೀಯಲ್ಲ!" ಎಂದು ಕೈಚೀಲದಲ್ಲಿದ್ದ ಕ್ರೀಮಿನ ಟ್ಯೂಬನ್ನು ಮೇಜಿನ ಮೇಲೆ ಕುಕ್ಕಿ, ಗೆಳತಿಯರನ್ನು ದಾಟಿಕೊಂಡು ಹೊರಟುಹೋದರು.

ಪಾರ್ಲರಮ್ಮ ಬಾಗಿಲ ಕಡೆ ತಿರುಗಿದರು. ಆ ಮುಖ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೊನೆಗೂ ಆಡಿದೆ ನೋಡಿ ಎಂದು ಗಂಡನಿಗೆ ಹೇಳುತ್ತಿರುವ ಮುಖ.

ಕರೆಂಟಣ್ಣ ವೈರು ಸುತ್ತುವುದನ್ನು ನಿಲ್ಲಿಸಿದ್ದರು.

"ಆ ಫೋಟೋ ದಿನ," ಎಂದರು ನಿಧಾನವಾಗಿ, "ನಿನಗೆ ಕೇಳಿಸಿತ್ತಾ?"

"ಹೂಂ."

"ನಿನಗೆ ಕೇಳಿಸಿಲ್ಲ ಅಂದ್ಕೊಂಡಿದ್ದೆ ನಾನು."

ಅಷ್ಟೇ ಹೇಳಿ ವೈರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಹೋದರು. ಪಾರ್ಲರಮ್ಮ ಕೈಯಲ್ಲಿ ಹತ್ತಿ ಹಿಡಿದು ನಿಂತೇ ಇದ್ದರು. ಬ್ಯಾಂಕಣ್ಣ ಉಳಿದ ಅರ್ಧ ಮುಖವನ್ನು ತಾವೇ ತೊಳೆದುಕೊಂಡರು.

ಮುಂದಿನ ವಾರ ಪಾರ್ಲರಮ್ಮನ ಪಾಲಿಗೆ ಹೇಗಿತ್ತೆಂದು ಹೇಳುವುದು ಕಷ್ಟ. ಕರೆಂಟಣ್ಣ ಮಾತು ಬಿಟ್ಟಿದ್ದರೆ ಅದಕ್ಕೊಂದು ಹೆಸರಿತ್ತು. ಅವರು ಮಾತು ಬಿಡಲಿಲ್ಲ. ಹಾಲು ತಂದಿದೀನಿ ಅಂದರು, ಗ್ಯಾಸು ಬಂತಾ ಅಂದರು, ಮಗಳ ಪರೀಕ್ಷೆ ಯಾವತ್ತು ಎಂದು ಕೇಳಿದರು. ಬೆಳಿಗ್ಗೆ ಬೇಗ ಹೋಗಿ ಸಂಜೆ ತಡವಾಗಿ ಬಂದರು. ಪಾರ್ಲರಮ್ಮ ಮೆಟ್ಟಿಲ ಸದ್ದಿಗೆಲ್ಲ ಕಿವಿ ನೆಟ್ಟು, ಒಂದು ದಿನ ಗಿರಾಕಿಯ ಹುಬ್ಬಿನಲ್ಲಿ ಬೇಡದಷ್ಟು ಕಿತ್ತುಬಿಟ್ಟರು. "ನಾನು ಬಾಯಿ ಮುಚ್ಚಿಕೊಂಡಿದ್ರೇ ಚೆನ್ನಾಗಿತ್ತೇನೋ" ಎಂದರು ನನಗೆ. "ನಾನೇನೋ ಅವರ ಪರ ನಿಂತೆ ಅಂದ್ಕೊಂಡೆ. ಇಷ್ಟು ವರ್ಷ ನಿಂತಿರಲಿಲ್ಲ ಅಂತ ನಾನೇ ಸಾಕ್ಷಿ ಹೇಳಿದ ಹಾಗಾಯ್ತು." ಮಗಳೂ ಒಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದಳಂತೆ: "ಅಮ್ಮ, ದೊಡ್ಡಮ್ಮ ನನಗೆ ಅಂದಿದ್ದೆಲ್ಲಾ ನಿನಗೆ ಕೇಳಿಸ್ತಿತ್ತಾ?" ಇವರು ಹೌದೆಂದರು. ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. ಹುಡುಗಿ ತಟ್ಟೆ ತೊಳೆದಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎರಡನೇ ಭಾನುವಾರ ಮತ್ತೆ ಪ್ರದರ್ಶನ. ಕರೆಂಟಣ್ಣ ಬರುತ್ತಾರೋ ಇಲ್ಲವೋ ಎಂದು ಮೇಷ್ಟ್ರಿಗೂ ಆತಂಕವಿತ್ತು. ಎರಡೂವರೆಗೆ ಸರಿಯಾಗಿ ಬಂದು ಏಣಿ ಹತ್ತಿದರು. ನಾಟಕ ಶುರುವಾಯಿತು. ನನ್ನ ಮಾತು ಬಂತು. ಬೇರೆ ದಾರಿಯಿಲ್ಲದೆ ಹೇಳಿದೆ.

ಬೆಳಕು ಇಳಿಯಲಿಲ್ಲ.

ದೀಪ ಆರಿದ ಮೇಲೆ ಹೇಗೆ ಹುಡುಕ್ತೀಯ ಎಂದು ನಾನು ಕೇಳಿದ್ದೇನೆ, ರಂಗದಲ್ಲಿ ಹಗಲಿನಂಥ ಬೆಳಕು. ಬ್ಯಾಂಕಣ್ಣ ಅಭ್ಯಾಸಬಲದಿಂದ ಹಲ್ಲು ಕಿರಿದರು. ಆ ಬೆಳಕಿನಲ್ಲಿ ಹಲ್ಲಲ್ಲ, ಅವರ ಪೂರ್ತಿ ಮುಖ ಕಂಡಿತು. ಎಲ್ಲರ ಮುಂದೆ ಅವಮಾನವಾದಾಗ ನಗಲೇಬೇಕಾದ ಮನುಷ್ಯನ ಮುಖ. ಒಬ್ಬರೂ ನಗಲಿಲ್ಲ. ಮೂರನೇ ಸಾಲಿನಲ್ಲಿ ಯಾರೋ ಕೆಮ್ಮಿದರು. ನನ್ನ ಬಾಯಿಂದ ಎಂಥ ಮಾತು ಬಂತೆಂದು ನನಗೆ ಮೊದಲ ಸಲ ಕೇಳಿಸಿತು. ಮುಂದಿನ ಮಾತು ಮರೆತೇ ಹೋಯಿತು. ಪಕ್ಕದಿಂದ ಯಾರೋ ನೆನಪಿಸಬೇಕಾಯಿತು.

ಪರದೆ ಬಿದ್ದ ಕೂಡಲೇ ಮೇಷ್ಟ್ರು ಏಣಿಯ ಬುಡದಲ್ಲಿ ನಿಂತರು. "ಡಿಮ್ಮರ್ ಕೈಕೊಡ್ತಾ?"

"ಇಲ್ಲ ಮೇಷ್ಟ್ರೇ. ನನ್ನ ಕೈ ಹೋಗಲಿಲ್ಲ."

"ನಿನ್ನ ಸಂಕಟ ನನಗೆ ಅರ್ಥ ಆಗುತ್ತಪ್ಪ. ಆದ್ರೆ ಅಲ್ಲಿ ನಗು ಬರಲಿಲ್ಲ ಅಂದ್ರೆ ಕೊನೇಲಿ ಪೆಟ್ಟು ಬೀಳಲ್ಲ. ನಕ್ಕವರು ಸಿಕ್ಕಿಬೀಳಬೇಕಲ್ವಾ?"

ಕರೆಂಟಣ್ಣ ಏಣಿ ಇಳಿದು ಅವರ ಎದುರು ನಿಂತರು. "ನಾನು ಮೇಲೆ ಕೂತು ಎಲ್ಲರ ತಲೇನೂ ನೋಡ್ತೀನಿ ಮೇಷ್ಟ್ರೇ. ನಕ್ಕಿದ್ದು ನೋಡಿದೀನಿ. ಸಿಕ್ಕಿಬಿದ್ದಿದ್ದು ನೋಡಿಲ್ಲ. ಅಳ್ತಾರೆ, ಕಣ್ಣೊರೆಸ್ಕೊಂಡು ಒಳಗೆ ಬಂದು ಇನ್ನೊಂದು ತಮಾಷೆ ಮಾಡ್ತಾರೆ."

ಮೇಷ್ಟ್ರು ಬಹಳ ಹೊತ್ತು ಕನ್ನಡಕ ಒರೆಸಿದರು. ಮೂರನೇ ಪ್ರದರ್ಶನಕ್ಕೆ ಬೆಳಕಿನ ಪಟ್ಟಿಯಲ್ಲಿ ಆ ಜಾಗದ ಸೂಚನೆಯನ್ನು ಪೆನ್ಸಿಲಿನಿಂದ ಹೊಡೆದುಹಾಕಿದ್ದರು.

ಗಂಡ ಹೆಂಡತಿ ಮಾತಾಡಿಕೊಂಡದ್ದು ಅದಾದ ಎರಡು ದಿನಕ್ಕೆ, ಪಾರ್ಲರಿನಲ್ಲಿ. ಮುಖಕ್ಕೆ ಆವಿ ಕೊಡುವ ಯಂತ್ರ ಕೆಟ್ಟಿತ್ತು. ಈ ಸಲ ನಿಜವಾಗಿಯೇ ಕೆಟ್ಟಿತ್ತು. ಕರೆಂಟಣ್ಣ ಅದನ್ನು ಬಿಚ್ಚಿ ನೆಲದ ಮೇಲೆ ಕೂತಿದ್ದರು.

"ನಿನಗೆ ಕೇಳಿಸಿದ್ರೆ ನನ್ನಿಂದ ನಿನಗೆ ನಾಚಿಕೆ ಆಗುತ್ತೇನೋ ಅಂತ ಭಯ ನನಗೆ," ಎಂದರು ತಲೆಯೆತ್ತದೆ. "ಅದಕ್ಕೇ ಅವಳಿಗೆ ಕೇಳಿಸಿಲ್ಲ, ಅವಳಿಗೆ ಗೊತ್ತಿಲ್ಲ ಅಂತ ನಾನೇ ಹೇಳ್ಕೊಂಡೆ. ಹಾಗಂದ್ಕೊಂಡ್ರೆ ನೆಮ್ಮದಿ."

"ರೀ, ನಿಮಗೆ ಕೇಳಿಸಿಲ್ಲ ಅಂದ್ಕೊಂಡು ನಾನು ನೆಮ್ಮದಿಯಾಗಿದ್ದೆ."

"ಒಳ್ಳೆ ಕಿವುಡರ ಸಂಸಾರ" ಎಂದರು ಅವರು. ಪಾರ್ಲರಮ್ಮನಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಇನ್ನೇನು ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಅವರು ಸ್ಕ್ರೂ ತಿರುಗಿಸುತ್ತಾ ಇನ್ನೊಂದು ಮಾತು ಹೇಳಿದರು. "ಆದ್ರೂ ಅವತ್ತು ನೀನು ಒಂದು ಮಾತು ಅನ್ನಬಹುದಿತ್ತು."

"ಅನ್ನಬಹುದಿತ್ತು" ಎಂದರು ಇವರು. ಯಂತ್ರ ರಿಪೇರಿಯಾಯಿತು. ಈ ಮಾತು ಇಬ್ಬರ ನಡುವೆ ಬಹಳ ದಿನ ಹಾಗೇ ಕೂತಿತ್ತು.

ಮಗಳ ಬಾಗಿಲು ಅಷ್ಟು ಬೇಗ ತೆರೆಯಲಿಲ್ಲ. ತಿಂಗಳುಗಟ್ಟಲೆ ಅವಳು ಅಮ್ಮನ ಪಾರ್ಲರಿಗೆ ಕಾಲಿಡಲಿಲ್ಲ. ಆಮೇಲೊಂದು ದಿನ ತಾನಾಗಿ ಬಂದು ತಲೆಗೂದಲು ಕತ್ತರಿಸು ಎಂದಳಂತೆ. ಪಾರ್ಲರಮ್ಮ ಬ್ಲೀಚು ಹಾಕುವುದನ್ನು ಬಿಟ್ಟರೆಂದು ಬರೆದರೆ ಸುಳ್ಳಾಗುತ್ತದೆ. ಕೇಳಿಕೊಂಡು ಬರುವವರು ಬರುತ್ತಲೇ ಇದ್ದಾರೆ, ಅವರೂ ಹಾಕುತ್ತಲೇ ಇದ್ದಾರೆ. ಶಾಲೆಗೆ ಹೋಗುವ ವಯಸ್ಸಿನವರನ್ನು ಮಾತ್ರ ಕುರ್ಚಿಗೆ ಹತ್ತಿಸುವುದಿಲ್ಲ. ಯಾವ ತಾಯಿ ಎಷ್ಟು ಗೋಗರೆದರೂ ಸರಿ, ಹಿಂದಕ್ಕೆ ಕಳಿಸುತ್ತಾರೆ.

ಅಕ್ಕ ಒಂದೂವರೆ ವರ್ಷ ಈ ಕಡೆ ತಲೆ ಹಾಕಲಿಲ್ಲ. ಕಳೆದ ಚಳಿಗಾಲದಲ್ಲಿ ಭಾವನ ಅರವತ್ತನೇ ಹುಟ್ಟುಹಬ್ಬಕ್ಕೆಂದು ಫೋನು ಮಾಡಿದರು. ಹೋಗೋಣ ಎಂದವರು ಕರೆಂಟಣ್ಣನೇ. ಮೂವರೂ ಹೋದರು. ಪಾರ್ಲರಮ್ಮ ಅಲ್ಲಿ ಇಡೀ ಮಧ್ಯಾಹ್ನ ಯಾರ ಬಾಯಿಂದ ಏನು ಬರುತ್ತದೋ ಎಂದು ಕಾದು ಕಾದು ಬೆನ್ನು ಸೆಟೆದುಕೊಂಡು ಕೂತಿದ್ದರಂತೆ. ಅಕ್ಕ ಎಲ್ಲರಿಗೂ ಬಡಿಸಿದರು, ಹವಾಮಾನದ ಮಾತಾಡಿದರು, ಒಂದು ಅಡ್ಡಮಾತೂ ಆಡಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಪಾರ್ಲರಮ್ಮ ಗಂಡನ ಕಡೆ ತಿರುಗಿದರು.

"ಒಂದು ಕೇಳಿಸ್ತು ನನಗೆ. ನೀವು ಕೈ ತೊಳೆಯೋಕೆ ಹೋದಾಗ."

"ಯಾರು?"

"ಆ ಹಸಿರು ಶರ್ಟಿನವರು. ಮಗಳು ಅಪ್ಪನ ಹಾಗಾದ್ಲು, ಪಾಪ ಅಂದ್ರು. ಪಾಪ ಯಾಕೆ ಅಂತ ಕೇಳಿದೆ. ಎದ್ದು ಹೋದ್ರು."

"ಓ, ಅವರಾ" ಎಂದರು ಕರೆಂಟಣ್ಣ. "ನನಗೂ ಒಂದು ಕೇಳಿಸ್ತು, ಬಾಗಿಲ ಹತ್ರ. ಮನೆಗೆ ಹೋಗಿ ಹೇಳ್ತೀನಿ."

"ಈಗಲೇ ಹೇಳಿ" ಎಂದರು ಪಾರ್ಲರಮ್ಮ. ಬಸ್ಸು ಮುಂದಿನ ನಿಲ್ದಾಣ ತಲುಪುವುದರೊಳಗೆ ಕರೆಂಟಣ್ಣ ಹೇಳಿ ಮುಗಿಸಿದರು.